ಎಡದಿಂದ ಮೂರನೆಯವನು

ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಮಾನ್ಯ ಕಾರ್ಯದರ್ಶಿಗಳೇ,

ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ತಂಡದ ಐವತ್ತು ವರ್ಷಗಳ ಇತಿಹಾಸವೆಂದು ನೀವು ಹೊರತಂದಿರುವ ದಪ್ಪ ಪುಸ್ತಕದ ತೊಂಬತ್ತನೇ ಪುಟದಲ್ಲಿ ನನ್ನ ತಮ್ಮನನ್ನು ಮೋಸಗಾರನನ್ನಾಗಿ ಮಾಡಿದ್ದೀರಿ. ಅದೂ ಬೇಕೆಂದು ಅಲ್ಲ, ಒಂದು ಫೋಟೋವನ್ನು ಎಡಬಲ ಅದಲುಬದಲಾಗಿ ಅಚ್ಚುಹಾಕಿ. ತಪ್ಪು ಯಾರಿಂದಲೂ ಆಗುತ್ತದೆ ಎಂದು ಸುಮ್ಮನಿರುತ್ತಿದ್ದೆ. ಆದರೆ ತೋರಿಸಿಕೊಟ್ಟ ಮೇಲೆ ನೀವು ಮಾಡಿದ ಕೆಲಸ ಕಂಡು ನನಗೆ ಹೇಸಿಗೆಯಾಗಿದೆ.

ಮೂವತ್ತೊಂದು ವರ್ಷದ ಹಿಂದೆ ಈ ತಂಡ ಮೊದಲ ಸಲ ಸೆಮಿಫೈನಲ್‌ವರೆಗೆ ಹೋಗಿತ್ತು. ಒಬ್ಬ ಆಟಗಾರನ ವಯಸ್ಸು ಹೆಚ್ಚೆಂದು ಗೊತ್ತಾಗಿ, ಅಷ್ಟೂ ಮಂದಿಯನ್ನು ಆಡಿಸದೆ ವಾಪಸು ಕಳಿಸಿದರು. ಆ ಪಂದ್ಯಾವಳಿಗೆ ಹೊರಡುವ ಮುಂಚೆ ತೆಗೆದ ಫೋಟೋದ ಕೆಳಗೆ ನೀವು ಬರೆದಿದ್ದೀರಿ: ‘ನಿಂತವರಲ್ಲಿ ಎಡದಿಂದ ಮೂರನೆಯವನು, ವಯಸ್ಸು ಮರೆಮಾಚಿ ತಂಡಕ್ಕೆ ಕಳಂಕ ತಂದ ಆಟಗಾರ.’ ಮೂಲ ಫೋಟೋದಲ್ಲಿ ಆ ಜಾಗದಲ್ಲಿರುವವನು ಬೇರೊಬ್ಬ ಹುಡುಗ, ನನ್ನ ತಮ್ಮ ಬಲದಿಂದ ಮೂರನೆಯವನು. ನಿಮ್ಮ ಪುಸ್ತಕದಲ್ಲಿ ಎಡದಿಂದ ಮೂರನೆಯವನಾಗಿದ್ದಾನೆ.

ನನಗೆ ಹೇಗೆ ಗೊತ್ತು? ನಾನು ದರ್ಜಿ. ಆ ಅಂಗಿಗಳಿಗೆ ಲಾಂಛನ ಹೊಲಿದವಳು ನಾನೇ. ಹದಿನೆಂಟು ಅಂಗಿ, ಹದಿನೆಂಟು ಲಾಂಛನ, ಎಲ್ಲವೂ ಎಡ ಎದೆಯ ಮೇಲೆ. ಪುಸ್ತಕದಲ್ಲಿ ಎಲ್ಲವೂ ಬಲಕ್ಕೆ ಹಾರಿವೆ. ಅಂಗಡಿಯ ನಿಲುಗನ್ನಡಿಗೆ ಪುಸ್ತಕ ಹಿಡಿದೆ. ಲಾಂಛನ ಎಡಕ್ಕೆ ಬಂತು, ತಮ್ಮ ತನ್ನ ಜಾಗಕ್ಕೆ ಬಂದ. ಇಷ್ಟು ತಿಳಿಯಲು ನನಗೆ ಸಂಶೋಧನಾ ಸಮಿತಿ ಬೇಕಾಗಲಿಲ್ಲ.

ತಮ್ಮನ ಹಳೆಯ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆ. ಮೂರು ಮೇಜು ದಾಟಿಸಿ ಕೊನೆಗೆ ಇತಿಹಾಸ ವಿಭಾಗದವರೆಂಬ ಒಬ್ಬರ ಮುಂದೆ ನಿಲ್ಲಿಸಿದರು. ಅವರು ಅಂಗಿ ನೋಡಿದರು, ಪುಸ್ತಕ ನೋಡಿದರು.

“ಅಮ್ಮಾ, ನೀವು ಅಂಗೀನ ಒಳಮಗ್ಗುಲು ಹೊರಗೆ ಮಾಡಿ ತಂದಿದ್ದೀರಿ,” ಎಂದರು.

“ಹೊಲಿಗೆ ಯಾವ ಕಡೆ ಇದೆ ಅಂತ ನನಗೆ ಹೇಳಿಕೊಡ್ತೀರಾ ಸ್ವಾಮಿ?” ಎಂದೆ.

“ಅರ್ಜಿ ಕೊಟ್ಟು ಹೋಗಿ, ನೋಡೋಣ.”

ನೋಡಿದಿರಿ. ಎರಡನೇ ಮುದ್ರಣ ಬಂತು. ಫೋಟೋ ಹಾಗೇ ಇದೆ. ಕೆಳಗೆ ಹೊಸದೊಂದು ಸಾಲು ಸೇರಿದೆ: ‘ಆ ವರ್ಷ ಒಕ್ಕೂಟದ ವಿಶೇಷ ನಿರ್ಣಯದಂತೆ ಲಾಂಛನವನ್ನು ಬಲ ಎದೆಯ ಮೇಲೆ ಧರಿಸಲಾಗಿತ್ತು.’ ಎಂಥಾ ಬುದ್ಧಿವಂತಿಕೆ! ಹಾಗಾದರೆ ಇನ್ನೊಂದು ನಿರ್ಣಯವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಗುಂಡಿ ಹಾಕಿದಾಗ ಗಂಡಸರ ಅಂಗಿಯಲ್ಲಿ ಎಡಪಟ್ಟಿ ಮೇಲೆ ಬರುತ್ತದೆ, ಹೆಂಗಸರದರಲ್ಲಿ ಬಲಪಟ್ಟಿ. ನಿಮ್ಮ ಫೋಟೋದ ತುದಿಯಲ್ಲಿ ನಿಂತ ತರಬೇತುದಾರರ ಅಂಗಿಯಲ್ಲಿ ಬಲಪಟ್ಟಿ ಮೇಲಿದೆ. ಮೀಸೆ ಹೊತ್ತ ಆ ಮನುಷ್ಯ ಯಾವ ವಿಶೇಷ ನಿರ್ಣಯದಂತೆ ಹೆಂಗಸರ ಅಂಗಿ ತೊಟ್ಟಿದ್ದರು? ಮೂರನೇ ಮುದ್ರಣದಲ್ಲಿ ತಿಳಿಸುವಿರಾ?

ನಗು ಬರುತ್ತದೆ, ಆದರೆ ನಗುವ ಹಾಗಿಲ್ಲ. ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸಂಜೆ ಐದಕ್ಕೆ ಕೈ ತೊಳೆದು, ಶಾಲೆಯ ಹಿಂದಿನ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ. ಹನ್ನೆರಡು ವರ್ಷದಿಂದ ಒಂದು ದಿನ ತಪ್ಪಿಸಿದವನಲ್ಲ. ಶಾಲೆಯ ಗ್ರಂಥಾಲಯಕ್ಕೆ ನಿಮ್ಮ ಪುಸ್ತಕ ಬಂತು. ಗೋಲ್‌ಕೀಪರ್ ಹುಡುಗಿ ಅದನ್ನು ಮೈದಾನಕ್ಕೇ ತಂದು, “ಸರ್, ಇದು ನೀವೇನಾ?” ಎಂದು ಕೇಳಿದಳಂತೆ. ಇವನು “ಹೌದು, ನಾನೇ” ಎಂದನಂತೆ. ಅಷ್ಟೇ. ಮರುವಾರ ಐದು ಮಕ್ಕಳು ಬರಲಿಲ್ಲ. ಆಮೇಲೆ ಇವನೇ ಹೋಗಲಿಲ್ಲ. ಈಗ ಐದಾದ ಮೇಲೂ ಗ್ಯಾರೇಜಿನಲ್ಲೇ ಯಾವುದೋ ಎಂಜಿನ್ ಬಿಚ್ಚಿಕೊಂಡು ಕೂತಿರುತ್ತಾನೆ.

“ಫೋಟೋ ತಿರುಗಿಸಿ ಅಚ್ಚುಹಾಕಿದ್ದಾರೆ ಅಂತ ಹೇಳೋಕೇನಾಗಿತ್ತೋ ನಿನಗೆ?” ಎಂದು ರೇಗಿದೆ.

“ಹೇಳಿದ್ರೆ ಬೆರಳು ಇನ್ನೊಬ್ಬನ ಕಡೆ ತಿರುಗುತ್ತೆ ಅಕ್ಕ. ಅವನೂ ಆಗ ಹುಡುಗನೇ. ಅವನನ್ನ ತೋರಿಸಿ ನಾನು ಬಚಾವಾಗಬೇಕಾ?”

ಆ ಇನ್ನೊಬ್ಬ, ವಾಪಸು ಬರುವ ದಾರಿಯುದ್ದಕ್ಕೂ ತಮ್ಮನ ಪಕ್ಕದ ಸೀಟಿನಲ್ಲಿ ಅಳುತ್ತಾ ಕೂತಿದ್ದನಂತೆ. “ಕಚೇರೀಲಿ ಕಾಗದ ಕೊಟ್ಟು ಸಹಿ ಮಾಡು ಅಂದ್ರು, ಮಾಡಿದೆ” ಎಂದನಂತೆ. ಯಾರ ಕಚೇರಿಯಲ್ಲಿ, ಮಾನ್ಯರೇ? ಆ ಕಾಗದದಲ್ಲಿ ಜನ್ಮದಿನಾಂಕದ ಮೇಲೆ ಬೇರೆ ಶಾಯಿ ಓಡಿಸಿದ ಕೈ ಯಾರದು? ಐವತ್ತು ವರ್ಷದ ಇತಿಹಾಸದಲ್ಲಿ ಅದಕ್ಕೆ ಅರ್ಧ ಸಾಲೂ ಸಿಗಲಿಲ್ಲವೇ? ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಡದಿಂದ ಎಣಿಸಲು ಮಾತ್ರ ನಿಮಗೆ ಬರುತ್ತದೆ. ಥೂ!

ಆದ್ದರಿಂದ ಫೋಟೋವನ್ನು ಸರಿಯಾಗಿ ತಿರುಗಿಸಿ ಹಾಕಿದರೆ ಸಾಲದು. ಹಾಗೆ ಮಾಡಿದರೆ ನನ್ನ ತಮ್ಮ ಉಳಿಯುತ್ತಾನೆ, ಆ ಪಾಪದವನು ಸಿಕ್ಕಿಬೀಳುತ್ತಾನೆ. ಆ ಸಾಲನ್ನೇ ಕಿತ್ತುಹಾಕಿ. ಹೊಸ ಪುಟವನ್ನು ನೀವೇ ಹಿಡಿದುಕೊಂಡು ಸಂಜೆ ಐದಕ್ಕೆ ಆ ಮೈದಾನಕ್ಕೆ ಬಂದು, ಅಷ್ಟೂ ಹೆಣ್ಣುಮಕ್ಕಳ ಎದುರು ಗಟ್ಟಿಯಾಗಿ ಓದಿ. ತಮ್ಮನನ್ನು ಗ್ಯಾರೇಜಿನಿಂದ ಎಬ್ಬಿಸಿ ಕರೆತರುವುದು ನನ್ನ ಹೊಣೆ. ಏನು ಬರೆಯಬೇಕೆಂದು ಮತ್ತೆ ಸಮಿತಿ ಕೂರಿಸಬೇಡಿ, ನಾನೇ ಹೇಳುತ್ತೇನೆ: ‘ವಯಸ್ಸು ತಿದ್ದಿದವರು ಈ ಫೋಟೋದಲ್ಲಿ ಇಲ್ಲ.’

ಇಂತಿ,
ಎಡ ಯಾವುದು ಬಲ ಯಾವುದು ಎಂದು ಇನ್ನೂ ಮರೆಯದ,
ಹದಿನೆಂಟು ಅಂಗಿಗಳ ದರ್ಜಿ