ಅನ್ನಮ್ಮನ ಮನೆಯ ಮೀನು

ಕುಷ್ಟಗಿ,
ತಾ. ೩-೫-೧೯೪೮

ಪ್ರೀತಿಯ ಅನ್ನಮ್ಮನಿಗೆ ಮೆಹಬೂಬಬೀಯ ಸಲಾಮು, ನಿಮ್ಮ ಪದ್ಧತಿಯಂತೆ ಶರಣು ಕೂಡ.

ನಾವು ಇಲ್ಲಿ ಕ್ಷೇಮ. ಗಡಿಯಾಚೆ ಗಜೇಂದ್ರಗಡದಲ್ಲಿ ನೀನು, ನಿನ್ನ ಯಜಮಾನರು, ಮಗಳು ಪಂಪಿ ಹೇಗಿದ್ದೀರಿ? ಕಾಗದ ತಡವಾಯಿತೆಂದು ಬೈಯಬೇಡ. ಬರೆಯುವುದು, ಹರಿದು ಹಾಕುವುದು, ಇದೇ ಆಗಿದೆ. ಈಗಲೂ ಒಂದು ಕಡೆ ಕೂರಲು ಆಗುತ್ತಿಲ್ಲ. ನಾಲ್ಕು ಸಾಲು ಬರೆದು ಎದ್ದು ಹೋಗಿ ಮೀನಿನ ಬರಣಿ ನೋಡಿ ಬರುತ್ತೇನೆ. ನಿಮ್ಮ ಅಪ್ಪ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿ ಮರಳಿನಲ್ಲಿ ಅಕ್ಷರ ತಿದ್ದಿಸುವಾಗ, "ಕಾಗದದಾಗ ಮಾತಾಡಿದಂಗ ಬರೀಬ್ಯಾಡ್ರಿ, ಪುಸ್ತಕದಾಗ ಇದ್ದಂಗ ಬರೀರಿ" ಎನ್ನುತ್ತಿದ್ದರಲ್ಲ? ಹಾಗೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನೀನೇ ತಿದ್ದಿಕೋ.

ಊರಿನ ಸುದ್ದಿ ಏನು ಹೇಳಲಿ. ಓಣಿಯಲ್ಲಿ ನಿಮ್ಮಂತೆ ಗಡಿ ದಾಟಿದವರ, ಬೀಗ ಹಾಕಿದ ಮನೆಗಳೇ ಹೆಚ್ಚು. ರಜಾಕಾರರ ಗಲಾಟೆ ನಮ್ಮ ತನಕ ಬಂದಿಲ್ಲ. ಬರುತ್ತದೆ ಎಂಬ ಮಾತು ಮಾತ್ರ ದಿನಾ ಬರುತ್ತದೆ. ಬಾಗಿಲು ಸಪ್ಪಳವಾದರೆ ಹೆಸರು ಕೇಳಿಯೇ ಅಗಳಿ ತೆಗೆಯುತ್ತೇವೆ. ನಿಮ್ಮ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ನಮ್ಮವರ ಹೊಲಿಗೆ ಯಂತ್ರಕ್ಕೂ ಕೆಲಸವಿಲ್ಲ. ಹಳೆಯ ಅಂಗಿಗಳಿಗೆ ತೇಪೆ ಹಚ್ಚುತ್ತ ಕೂತಿರುತ್ತಾರೆ.

ಇನ್ನು ಮೀನಿನ ವಿಷಯ. ಕಾಗದ ಪೂರ್ತಿ ಓದುವ ತನಕ ಪಂಪಿಗೆ ಏನೂ ಹೇಳಬೇಡ.

ನಿನ್ನ ಯಜಮಾನರು ಮುಂಬಯಿಗೆ ಬಟ್ಟೆ ಖರೀದಿಗೆ ಹೋದಾಗ ಮಗಳಿಗೆಂದು ತಂದ ಆ ನೀಲಿ ಜಗಳಗಂಟ ಮೀನು, ಚಾವಡಿಯ ಜಮಾದಾರನಂತೆ ಗಲ್ಲ ಉಬ್ಬಿಸುತ್ತದೆಂದು ಪಂಪಿ ಜಮಾದಾರ ಎಂದು ಹೆಸರಿಟ್ಟಳಲ್ಲ, ನಮ್ಮ ಮನೆಗೆ ಬಂದ ದಿನದಿಂದ ಅವನು ಬಾಯಿಗೆ ಏನೂ ಹಾಕಿಕೊಳ್ಳಲಿಲ್ಲ. ನೀವು ಗಡಿಬಿಡಿಯಲ್ಲಿ ಬಂಡಿ ಏರುವಾಗ ಪಂಪಿ ಬರಣಿಯನ್ನು ನನ್ನ ಕೈಗಿಟ್ಟು, "ದೊಡ್ಡವ್ವಾ, ನಾ ಬರೂತನಕ ಜ್ವಾಕಿ. ಇವ ಸಾಯಬಾರ್ದು ನೋಡು" ಎಂದಿದ್ದಳು. ನಾನು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದೆ. ಕೊಟ್ಟ ಮಾತು ಬರಣಿಯ ತಳದಲ್ಲಿ ಅಡ್ಡಬಿದ್ದಿರುವುದನ್ನು ದಿನಾ ನೋಡುವುದೆಂದರೆ ಏನೆಂದು ನಿನಗೆ ಹೇಗೆ ತಿಳಿಸಲಿ?

ಮೊದಲು ಅವನನ್ನು ನಮ್ಮವರು ತಮ್ಮ ಹೊಲಿಗೆ ಅಂಗಡಿಯಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಗಿರಾಕಿಗಳು ನೋಡಿಕೊಳ್ಳುವ ಕನ್ನಡಿ ಇದೆಯಲ್ಲ, ಅದರಲ್ಲಿ ತನ್ನನ್ನೇ ಕಂಡು ಜಮಾದಾರ ದಿನವಿಡೀ ಯುದ್ಧಕ್ಕೆ ನಿಂತ. "ಯಾಂವನೂ ಇಲ್ಲೋ ತಮ್ಮಾ, ಅದು ನೀನ" ಎಂದು ಇವರು ಅವನಿಗೆ ಬುದ್ಧಿ ಹೇಳುವುದನ್ನು ನೀನು ನೋಡಬೇಕಿತ್ತು. ಅದಕ್ಕೇ ಉಣ್ಣುತ್ತಿಲ್ಲವೆಂದು ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟೆ. ಆಗಲೂ ಉಣ್ಣಲಿಲ್ಲ.

ನೀನು ಹೇಳಿದ್ದರಲ್ಲಿ ಒಂದೂ ತಪ್ಪಿಸಲಿಲ್ಲ. ನೀನು ಕುಟ್ಟಿ ಕೊಟ್ಟ ಒಣಗಿದ ಕಟಕರೊಟ್ಟಿಯ ಪುಡಿಯನ್ನೇ ಚಿಟಿಕೆ ಚಿಟಿಕೆ ಹಾಕಿದೆ. ಸೋಮವಾರ ನಿನ್ನಂತೆ ಅವನಿಗೂ ಒಪ್ಪತ್ತು. ಬರಣಿಗೆ ಪಂಪಿ ಬಳಿದ ವಿಭೂತಿಗೆ ಕೈ ತಾಗದಂತೆ ತೊಳೆದೆ. ಪುಡಿ ನೆನೆದು ತಳಕ್ಕಿಳಿಯುತ್ತಿತ್ತು. ಅವನು ಅದರ ಪಕ್ಕದಲ್ಲೇ ಮುಖ ತಿರುಗಿಸಿ ಮಲಗುತ್ತಿದ್ದ. ನೀಲಿ ಬಣ್ಣ ಹೋಗಿ ಬೂದಿಯಂತಾಯಿತು.

ನನ್ನ ನಾದಿನಿ ಗೌಸಬೀ ನೋಡಿ ನೋಡಿ ಬೇಸತ್ತು, "ಮೀನಂದ್ರ ಮೀನ ಭಾಬಿ. ಒಂದ್ ಚೂರು ಖೀಮಾ ಹಾಕಿ ನೋಡು" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಸುಮ್ನಿರು! ಅದು ಅನ್ನಮ್ಮನ ಮನಿ ಮೀನ. ಲಿಂಗವಂತರ ಮನ್ಯಾಗ ಬೆಳದೈತಿ. ಆಕಿ ಬಂದು ಕೇಳಿದ್ರ ಯಾವ ಮಾರಿ ತೋರಿಸ್ಲಿ?" ಎಂದೆ. ಅವತ್ತಿನಿಂದ ಮಾಂಸದ ಅಡುಗೆಯನ್ನೂ ಹಿತ್ತಲಿನ ಒಲೆಗೆ ಸಾಗಿಸಿದೆ, ಅವನಿಗೆ ವಾಸನೆ ಬಡಿಯದಿರಲಿ ಎಂದು. ನಗಬೇಡ.

ನೀರಾದರೂ ಶುದ್ಧವಾಗಿರಲಿ ಎಂದು ದಿನಾ ಸೋಸಿ ಹಾಕಿದೆ. ಸೋಸದ ನೀರು ಕುಡಿದು ನಮ್ಮವರಿಗೆ ನಾರುಹುಣ್ಣು ಎದ್ದು ಕಾಲೆಳೆಯುತ್ತ ತಿರುಗಿದ್ದು ನೀನು ಕಂಡವಳು. ಅಂದಿನಿಂದ ನಮ್ಮಲ್ಲಿ ಮಡಿಕೆ ಹಾಕಿದ ಬಟ್ಟೆಯಲ್ಲಿ ಸೋಸದೆ ಒಂದು ಹನಿ ನೀರೂ ಕೊಡಕ್ಕಿಳಿಯುವುದಿಲ್ಲ. ಒಂದು ದಿನ ಆ ಸೋಸುವ ಬಟ್ಟೆಯನ್ನು ಬರಣಿಯ ಹತ್ತಿರ ಝಾಡಿಸಿದೆ ನೋಡು, ಬಟ್ಟೆಗಂಟಿದ್ದ ಒಂದು ಸೊಳ್ಳೆಮರಿ ನೀರಿಗೆ ಬಿದ್ದು ಕುಣಿಯತೊಡಗಿತು. ಸತ್ತಂತೆ ಬಿದ್ದಿದ್ದ ಜಮಾದಾರ ಎದ್ದ. ಗಪ್ಪೆಂದು ನುಂಗಿದ!

ಆಗ ನನಗೆ ನಿಮ್ಮ ಬಚ್ಚಲಮನೆಯ ಕಲ್ಲಿನ ತೊಟ್ಟಿ ಕಣ್ಣಿಗೆ ಕಟ್ಟಿತು. ಅದರಲ್ಲಿ ಸದಾ ಸೊಳ್ಳೆಮರಿಗಳ ಸಂತೆ. ದಿನಾ ಬೆಳಿಗ್ಗೆ ಮೀನಿಗೆ ತಂಪಾಗಲಿ ಎಂದು ಅದರಿಂದಲೇ ಒಂದು ತಂಬಿಗೆ ನೀರು ಬರಣಿಗೆ ಸುರಿಯುತ್ತಿದ್ದವಳು ನೀನೇ ಅಲ್ಲವೇ? ಅಯ್ಯೋ ಮಾರಾಯ್ತಿ, ಅವನು ನಿನ್ನ ರೊಟ್ಟಿ ತಿಂದೇ ಇಲ್ಲ. ಇಷ್ಟು ದಿನ ನಿನ್ನ ಮನೆಯಲ್ಲಿ, ನಿನ್ನ ಕೈಯಿಂದಲೇ, ಕದ್ದು ಮಾಂಸ ತಿಂದಿದ್ದಾನೆ. ಸಾಬರ ಮನೆಗೆ ಬಂದು ನನ್ನ ಕೈಯಲ್ಲಿ ಸಸ್ಯಾಹಾರಿಯಾಗಿ ಸಾಯುವುದರಲ್ಲಿದ್ದ.

ನಮ್ಮ ಆಳದ ಬಾವಿಯ ನೀರಿನಲ್ಲಿ ಹುಡುಕಿದರೂ ಇನ್ನೊಂದು ಮರಿ ಸಿಗಲಿಲ್ಲ. ಈ ಬಿಸಿಲಿಗೆ ಊರಲ್ಲಿ ನಿಂತ ನೀರೇ ಇಲ್ಲ. ಕೊನೆಗೆ ನಿಮ್ಮವರ ಕಾಕನ ಮಗ ಹುಚ್ಚೀರಪ್ಪನವರ ಮನೆಗೆ ಹೋಗಿ ನಿಮ್ಮ ಬಾಗಿಲು ತೆರೆಯಲು ಕೇಳಿದೆ. "ಎಂಥಾ ಕಾಲದಾಗ ಏನ್ ಕೇಳ್ತೀಯವಾ!" ಎಂದರೂ ಬಂದರು. "ನೀ ಇಲ್ಲೇ ನಿಂದ್ರು, ನಾ ತರ್ತೀನಿ" ಎಂದು ಒಳಗೆ ಹೋಗಿ, ತೊಟ್ಟಿಯ ತಳದಲ್ಲಿ ಉಳಿದಿದ್ದ ಪಾಚಿ ನೀರನ್ನು ಕೊಡದಲ್ಲಿ ತಂದುಕೊಟ್ಟರು. ಒಳ್ಳೆಯ ಮನುಷ್ಯರು.

ಪಂಪಿಗೆ ಈಗ ಹೇಳು, ಜಮಾದಾರ ಬದುಕಿದ. ಮೈಗೆ ನೀಲಿ ಮರಳಿದೆ, ನನ್ನನ್ನು ಕಂಡರೂ ಗಲ್ಲ ಉಬ್ಬಿಸುತ್ತಾನೆ. ಆ ನೀರನ್ನು ಹಿತ್ತಲಿನ ಹಳೆಯ ಗಡಿಗೆಯಲ್ಲಿಟ್ಟು ಮರಿ ಬೆಳೆಸುತ್ತಿದ್ದೇವೆ. "ಈ ವಯಸ್ಸಿನ್ಯಾಗ ಸೊಳ್ಳಿ ಸಾಕೂದೊಂದು ಬಾಕಿ ಇತ್ತು" ಎಂದು ಗೊಣಗುತ್ತ ನಮ್ಮವರೇ ದಿನಾ ಅದನ್ನು ಇಣುಕಿ ನೋಡುತ್ತಾರೆ.

ನಿಮ್ಮನ್ನು ಗಡಿ ದಾಟಿಸಿದ ಬಂಡಿಯ ಓಬಳೆಪ್ಪ ನಾಳೆ ಗಡಿಯ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಪಂಪಿಯ ನೆತ್ತಿಗೆ ನನ್ನ ಕೈಯಿಟ್ಟಂತೆ ನೀನು ಒಮ್ಮೆ ಕೈಯಿಡು. ಅವಳು ನೂರು ಕಾಲ ಬಾಳಲಿ. ನಮ್ಮ ಅಲ್ಲಾಹನೂ ನಿಮ್ಮ ಶಿವನೂ ಕೂಡಿಯೇ ನಿಮ್ಮನ್ನು ಕಾಯಲಿ.

ನಿನ್ನ
ಮೆಹಬೂಬಬೀ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮೊದಲಿನ ಕಾಗದಗಳನ್ನು ಹರಿದದ್ದೂ ಈ ಮಾತಿಗಾಗಿಯೇ. ನಿಮ್ಮ ಮನೆಯ ಕೀಲಿಕೈ ಹುಚ್ಚೀರಪ್ಪನವರ ಹತ್ತಿರ ಇದೆಯೆಂದು ನನಗೆ ಗೊತ್ತಿರಲಿಲ್ಲ. ನೀನು ಯಲಬುರ್ಗಿಯ ಮದುವೆಗೆ ಹೋದಾಗ, ನಿಮ್ಮವರನ್ನು ಗದುಗಿನ ವೈದ್ಯರಿಗೆ ತೋರಿಸಲು ಹೋದಾಗ, ಯಾವಾಗ ಹೋದರೂ ನಮ್ಮಿಬ್ಬರ ಮನೆಯ ನಡುಗೋಡೆಯ ಮೇಲಿಂದ ಕೀಲಿಕೈ ನನ್ನ ಕೈಗೇ ಇಡುತ್ತಿದ್ದವಳು. ಈ ಸಲವೂ ಇಟ್ಟಿರುತ್ತೀ, ಅವಸರದಲ್ಲಿ ಹೇಳಲು ಮರೆತಿರುತ್ತೀ ಎಂದು ರೊಟ್ಟಿಪುಡಿಯ ಚೀಲವನ್ನು ಮೊರಕ್ಕೆ ಸುರಿದು ಬೆರಳಾಡಿಸಿದೆ. ಬರಣಿಯ ಬುಡ ನೋಡಿದೆ. ಆಮೇಲೆ ಓಬಳೆಪ್ಪ ಹೇಳಿದ, "ಹುಚ್ಚೀರಪ್ಪನವರ ಹಂತೇಕ ಐತ್ರಿ" ಎಂದು. ನಿನ್ನ ಹೊಸ್ತಿಲ ಹೊರಗೆ ಕೊಡ ಹಿಡಿದು ನಿಂತದ್ದು ನನಗೆ ಅದೇ ಮೊದಲು. ಕಾಲ ಹಾಗಿದೆ, ನಿಮ್ಮವರು ಹೇಳಿರಬೇಕು, ಎಲ್ಲ ನನಗೆ ತಿಳಿಯುತ್ತದೆ. ಇದಕ್ಕೆ ಉತ್ತರ ಬರೆಯಬೇಡ. ಮಗಳ ಜೀವವಾಗಿದ್ದ ಮೀನನ್ನು ನನ್ನ ಕೈಗೆ ಕೊಟ್ಟೆ. ಕೀಲಿಕೈ ಯಾಕೆ ಕೊಡಲಿಲ್ಲ, ಅನ್ನಮ್ಮಾ?