ದೇವರ ಜೊತೆ ಠೂ ಬಿಟ್ಟವರಿಗೆ

ರೀ,

ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದ್ದರು. ನೀವು ಆಗಷ್ಟೇ ಕಣ್ಣು ಮುಚ್ಚಿದ್ದಿರಿ, ಎಬ್ಬಿಸಲಿಲ್ಲ. ತಿಂಗಳು ತುಂಬುವ ಮೊದಲೇ ಓಡಿಬಂದ ನಿಮ್ಮ ಮಗಳ ಗಂಟಲಿನ ಪೈಪನ್ನು ಇವತ್ತು ತೆಗೆದು ನೋಡುತ್ತಾರಂತೆ.

"ತಾನಾಗಿ ಉಸಿರಾಡ್ತಾಳಾ ಸಿಸ್ಟರ್?" ಅಂದೆ.

"ದೇವರಿಗೇ ಗೊತ್ತಮ್ಮ" ಅಂದರು.

ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ, ಎಂಥ ಗಟ್ಟಿ ಆಸಾಮಿ!

ಸಿಟ್ಟಿನಲ್ಲಿ ನೀವು ಗೋಡೆಗೆ ತಿರುಗಿಸಿಟ್ಟ ದೇವರ ಪಟ ಹಾಗೇ ಇರಲಿ. ಮುಖ ಆಚೆ ತಿರುಗಿಸಿದ ಮಾತ್ರಕ್ಕೆ ಕೆಲಸ ಬಿಡುವವನಲ್ಲ ಅವನು. ನನಗೂ ಹೆದರಿಕೆಯೇ. ಅದಕ್ಕೇ ಎಲ್ಲವನ್ನೂ ಅವನ ತಲೆಗೆ ಕಟ್ಟಿ ಆಸ್ಪತ್ರೆಗೆ ಹೊರಟಿದ್ದೇನೆ.

ಫ್ರಿಜ್ಜಿನ ಸಣ್ಣ ಬಾಟಲಿಯಲ್ಲಿರುವುದು ಮಗಳಿಗೆಂದು ನಾನು ಹಿಂಡಿಟ್ಟ ಹಾಲು. ಕಾಫಿಗೆ ಸುರಿದುಕೊಂಡೀರಿ, ಜೋಕೆ!

ಎದ್ದವರೇ ಬನ್ನಿ. ಪೈಪು ತೆಗೆದ ಮೇಲೆ ಅವಳು ಅಳುತ್ತಾಳೆ. ಹುಟ್ಟಿದಾಗಿನಿಂದ ಅವಳ ದನಿಯನ್ನೇ ಕೇಳಿಲ್ಲ, ಇಬ್ಬರೂ ಒಟ್ಟಿಗೆ ಕೇಳೋಣ.