ಏಕವಚನ

ಮಿಸಿಸಾಗಾ
೧೨ ಮೇ ೨೦೧೮

ತಂಗಿ ನೀಲವ್ವಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು, ಸಿಟ್ಟಾಗಬೇಡ. ಬರೆಯಲು ಕುಳಿತಾಗಲೆಲ್ಲ ಮೇಲೆ ಕರೆಗಂಟೆ ಆದಂತಾಗಿ ಪೆನ್ನು ಕೆಳಗಿಡುತ್ತಿದ್ದೆ. ಧಾರವಾಡದಲ್ಲಿ ಕಳ್ಳನ ಕೊರಳಪಟ್ಟಿ ಹಿಡಿದು ನಿಲ್ಲಿಸಿದವಳು ನಾನು. ಈ ಪರದೇಶದ ಬಾಡಿಗೆ ಬೇಸ್‌ಮೆಂಟಿನಲ್ಲಿ ಅಂಚೆಯವನ ಹೆಜ್ಜೆ ಸಪ್ಪಳಕ್ಕೂ ಹೆದರುತ್ತೇನೆ.

ನನ್ನ ಮಗಳು ಹೇಮಶ್ರೀಯ ವರ್ಕ್ ಪರ್ಮಿಟ್ಟು ಆಗಸ್ಟಿಗೆ ಮುಗಿಯುತ್ತದೆ. ಯಾವುದಾದರೂ ಶಾಲೆ ಅವಳನ್ನು ಫ್ರೆಂಚ್ ಟೀಚರ್ ಎಂದು ಕಾಯಂ ಮಾಡಿಕೊಂಡರೆ ಇಲ್ಲಿ ಉಳಿಯುತ್ತಾಳೆ. ಇಲ್ಲದಿದ್ದರೆ ಹೊಡೆಯುವ ಆ ಗಂಡ ಇರುವ ಊರಿಗೇ ತಿರುಗಿ ಬರಬೇಕು. ಅವನು ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತಿರುತ್ತಾನೆ, ನಿನಗೂ ಗೊತ್ತು. ಇಲ್ಲಿ ಫ್ರೆಂಚ್ ಟೀಚರು ಬೇಕು, ಆದರೆ "ಇಂಡಿಯಾದಲ್ಲಿ ಕಲಿತ ಫ್ರೆಂಚಾ?" ಎಂದು ಮೂಗು ಮುರಿಯುತ್ತಾರೆ. ಅದಕ್ಕೇ ದೊಡ್ಡವರ ಒಂದು ಮಾತು ಬೇಕಾಯಿತು.

ಮೆಡೋವೇಲ್‌ನ ಖಾಸಗಿ ಶಾಲೆಯೊಂದರ ಟ್ರಸ್ಟಿ ಸತ್ಯಪ್ರಕಾಶ್, ಬೆಂಗಳೂರಿನವನು, ಹೋದ ತಿಂಗಳು ಚಹಾಕ್ಕೆ ಬಂದ. ಕಾಲ ಮೇಲೆ ಕಾಲು ಹಾಕಿ ಕುಳಿತು, "ಏನಮ್ಮ ಹೇಮಾ, ನೀನು ಟ್ರೈ ಮಾಡ್ತಾ ಇರು. ಪ್ರಿನ್ಸಿಪಾಲ್ ಕಿವಿಗೆ ನಾನು ಹಾಕ್ತೀನಿ. ಸ್ವಲ್ಪ ಸಕ್ಕರೆ ಕೊಡು," ಎಂದ. ನಲವತ್ತರ ಟೀಚರು ಕೆಲಸದ ಹುಡುಗಿಯಂತೆ ಓಡಿ ಬಂದಳು. ನನ್ನ ಮೈ ಉರಿಯಿತು.

"ಸಕ್ಕರಿ ನಿನ್ನ ಮುಂದನ ಐತಲ್ಲೋ ತಮ್ಮಾ, ತಗೋ. ಕೈ ನೋಯ್ತಾವೇನು?" ಎಂದೆ.

"ಅಜ್ಜಿ ತುಂಬಾ ಸ್ಟ್ರಾಂಗು," ಎಂದು ನಕ್ಕ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನಮ್ಮ ಕಡೆ ತಮ್ಮಾ ಎನ್ನುವುದು ಅಕ್ಕರೆಯ ಮಾತು ಎಂದು ನಾನು ವಾದಿಸಬಹುದು. ಆದರೆ ನನ್ನ ದನಿಯಲ್ಲಿ ಅಕ್ಕರೆ ಇರಲಿಲ್ಲ, ಅದು ಅವನಿಗೂ ತಿಳಿಯಿತು. ಅಂದಿನಿಂದ ಅವನು ಹೇಮಶ್ರೀಯ ಫೋನು ಎತ್ತುತ್ತಿಲ್ಲ.

"ಹಂಗ ಅನಬಾರದಿತ್ರಿ ಅವ್ವಾ," ಎಂದಳು ಹೇಮಶ್ರೀ, ಅಷ್ಟೇ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಆದರೂ ಮೊನ್ನೆ ನಾನೇ ಫೋನು ಹಚ್ಚಿ, "ನಮಸ್ಕಾರ್ರೀ ಸರ, ನಂದು ತಪ್ಪಾತ್ರಿ," ಎಂದೆ. "ನೋಡೋಣ ಅಜ್ಜಿ," ಎಂದು ಇಟ್ಟುಬಿಟ್ಟ. ನೋಡೋಣ ಎಂದರೆ ಹೌದೋ, ಅಲ್ಲವೋ? ಅವಳಿಗೆ ಇನ್ನೂ ಹೇಳಿಲ್ಲ.

ನಿನಗೂ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಅವಳ ಗಂಡನ ಕಡೆಯವರು ವಿಚಾರಿಸಿದರೆ ಇಲ್ಲಿ ಎಲ್ಲ ಚೆನ್ನಾಗಿದೆ ಎಂದೇ ಹೇಳು. ನಮ್ಮ ವಿಳಾಸ ಕೊಡಬೇಡ.

ನಿನ್ನ ಅಕ್ಕ,
ಗಿರಿಜವ್ವ

ತಾ.ಕ.: ಹೇಮಶ್ರೀ ಮನೆ ಮಾಲೀಕರ ಮಗಳಿಗೆ ಪಾಠ ಹೇಳುವುದು ಕಿವಿಗೆ ಬಿತ್ತು. ಫ್ರೆಂಚಿನಲ್ಲೂ ನಮ್ಮ ಹಾಗೆಯೇ ಅಂತೆ, ಮನೆಯವರಿಗೆ 'ತೂ', ಹೊರಗಿನವರಿಗೆ 'ವೂ'. ಹುಟ್ಟಿದಾಗಿನಿಂದ ನನಗೆ 'ನೀ' ಎಂದವಳು, ಆ ಚಹಾದ ದಿನದಿಂದ, "ಅವ್ವಾ, ನೀವು ಉಣ್ರಿ," ಎನ್ನುತ್ತಿದ್ದಾಳೆ.